ಬಚ್ಚಲೊಲೆಗೂ ಹೊಗೆಕೊಳವೆ ಬೇಕು

ಮಾನ್ಯ ಸಂಪಾದಕರೇ,

ಮಲೆನಾಡಿನ ಅಡುಗೆಮನೆಗಳಿಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಕೂಲಿಕಾರರ ಮನೆಗಳಿಗೂ ಸಿಲಿಂಡರ್ ಹೋಗಿದೆ. ಆದರೂ ತೀರ್ಥಹಳ್ಳಿ, ಸಾಗರ, ಸಿದ್ದಾಪುರ, ಕೊಪ್ಪದ ಕಡೆ ಬೆಳಗಿನ ಜಾವ ಹೊರಗೆ ಬಂದು ನೋಡಿದರೆ ಹೆಂಚಿನ ಸಂದುಗಳಿಂದ ಹೊಗೆ ಏಳುತ್ತಲೇ ಇರುತ್ತದೆ. ಅದು ಅಡುಗೆಮನೆಯ ಹೊಗೆಯಲ್ಲ, ಬಚ್ಚಲುಮನೆಯದು. ಹೊಗೆಯಿಲ್ಲದ ಒಲೆಯ ಮಾತು ಬಂದಾಗೆಲ್ಲ ಸರ್ಕಾರವೂ ಸಂಘಸಂಸ್ಥೆಗಳೂ ಅಡುಗೆ ಒಲೆಯನ್ನಷ್ಟೇ ನೋಡಿದವು. ಹಂಡೆಯ ಕೆಳಗಿನ ಒಲೆಯನ್ನು ಯಾರೂ ಬಗ್ಗಿ ನೋಡಲಿಲ್ಲ. ಮನೆಯ ಸೌದೆ ಈಗ ಹೆಚ್ಚು ಖರ್ಚಾಗುವುದೇ ಅಲ್ಲಿ. ಈ ಬೇಸಿಗೆ ಮುಗಿಯುವುದರೊಳಗೆ ಮಾಡಬಹುದಾದ ಕೆಲಸವಾದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಲೆಕ್ಕ. ಎಂಬತ್ತು ಲೀಟರ್ ಹಂಡೆಯ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 12.7 ಮೆಗಾಜೂಲ್ ಶಾಖ ಬೇಕು. ವಿದ್ಯುತ್ ಲೆಕ್ಕದಲ್ಲಿ ಇದು ಮೂರೂವರೆ ಯೂನಿಟ್. ಚೆನ್ನಾಗಿ ಒಣಗಿದ ಒಂದು ಕೆ.ಜಿ. ಸೌದೆಯಲ್ಲಿ 14 ಮೆಗಾಜೂಲ್‌ಗೂ ಮಿಕ್ಕಿ ಶಾಖವಿರುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಹೋಗುವಂತಿದ್ದರೆ ಒಂದು ಕೆ.ಜಿ.ಯೂ ಬೇಡ. ಬಾಯಿ ತೆರೆದ ಹಳೆಯ ಒಲೆಯಲ್ಲಿ ನೂರಕ್ಕೆ ಹದಿನೈದು ಪಾಲು ನೀರಿಗೆ ಸೇರಿದರೆ ಹೆಚ್ಚು. ಹಾಗಾಗಿ ಆರು ಕೆ.ಜಿ. ಉರಿಸಬೇಕಾಗುತ್ತದೆ. ಜಾಲರಿ, ಬಾಗಿಲು, ಕೊಳವೆ ಇರುವ ಮುಚ್ಚಿದ ಒಲೆಯಲ್ಲಿ 35 ಪಾಲು ಸಿಕ್ಕರೂ ಎರಡೂವರೆ ಕೆ.ಜಿ. ಸಾಕು. ದಿನಕ್ಕೆ ಮೂರೂವರೆ ಕೆ.ಜಿ. ಉಳಿದರೆ ವರ್ಷಕ್ಕೆ ಒಂದೂಕಾಲು ಟನ್. ಇಷ್ಟನ್ನು ಸೊಪ್ಪಿನಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ಹೊತ್ತು ತರುವವರು ಬಹುಪಾಲು ಹೆಂಗಸರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮುಚ್ಚಿದ ಒಲೆ ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒದಗಿಸಲೆಂದು ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆ ಅಲ್ಲಿನ ಕೂಸು. ಕೆಳಗೆ ಜಾಲರಿ, ಗಾಳಿಗೆ ಬೇರೆ ದಾರಿ, ಉರಿಗೆ ಮುಚ್ಚಿದ ಗೂಡು, ಹೊಗೆಗೆ ಕೊಳವೆ: ಇಷ್ಟೇ ಅದರ ಗುಟ್ಟು. ಅನೇಕ ಊರುಗಳಲ್ಲಿ ಅದು ಉಳಿಯದೆ ಹೋದದ್ದಕ್ಕೆ ಕಾರಣವೂ ಸರಳ. ದಪ್ಪ ಕುಂಟೆ, ಅಂದರೆ ಸೀಳದ ಮರದ ತುಂಡು, ಹಿಡಿಸಲಿಲ್ಲವೆಂದು ಒಲೆಯ ಬಾಯನ್ನು ಒಡೆದು ಅಗಲ ಮಾಡಿದರು. ಕೊಳವೆ ಕಟ್ಟಿಕೊಂಡಾಗ ಗುಡಿಸುವವರಿರಲಿಲ್ಲ. ಈ ಒಲೆಯಲ್ಲಿ ಅಳತೆಯೇ ಜೀವ. ನಾಲ್ಕು ಬೆರಳು ಆಚೀಚೆಯಾದರೆ ಅದು ಮಾಮೂಲಿ ಒಲೆಯೇ ಆಗುತ್ತದೆ.

ಈಗ ಬಚ್ಚಲೊಲೆಗೆ ಬರೋಣ. ಹಳೆಯ ಒಲೆಯನ್ನು ಪೂರ್ತಿ ಕೆಡವಬೇಕಾಗಿಲ್ಲ. ಹೊರಗಿನ ಕಟ್ಟೆ ಹಾಗೆಯೇ ಇರಲಿ, ಹಂಡೆಯನ್ನು ಎತ್ತಿಟ್ಟು ಕಟ್ಟೆಯ ಹೊಟ್ಟೆಯೊಳಗೆ ಇನ್ನೊಂದು ಚಿಕ್ಕ ಗೂಡು ಕೂಡಿಸಿದರೆ ಸಾಕು. ಎಂಬತ್ತು ಲೀಟರ್ ಹಂಡೆಗೆ 20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಜಾಲರಿ ಸರಿಹೋಗುತ್ತದೆ. 12 ಮಿ.ಮೀ. ಕಬ್ಬಿಣದ ಸರಳು ಒಂಬತ್ತು, ನಡುನಡುವೆ ಒಂದು ಸೆಂ.ಮೀ. ಸಂದು. ಸರಳಿನ ಎರಡೂ ತುದಿಗಳನ್ನು ಗೋಡೆಗೆ ಬಿಗಿಯಾಗಿ ಹೂತಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಕಾದಾಗ ಕಬ್ಬಿಣ ಉದ್ದವಾಗುತ್ತದೆ, ಹೋಗಲು ಜಾಗವಿಲ್ಲದೆ ಗೋಡೆಯನ್ನು ಸೀಳುತ್ತದೆ ಇಲ್ಲವೇ ತಾನೇ ಬಾಗುತ್ತದೆ. ಒಂದು ತುದಿಯಲ್ಲಿ ಅರ್ಧ ಸೆಂ.ಮೀ. ಬಿಟ್ಟು ಸುಮ್ಮನೆ ಹೊಂದಿಸಿಡಿ. ಜಾಲರಿಯ ಕೆಳಗೆ ಬೂದಿಗೆ 15 ಸೆಂ.ಮೀ. ಆಳದ ಗುಂಡಿ, ಅದಕ್ಕೊಂದು ಸರಿಸುವ ತಗಡಿನ ಬಾಗಿಲು. ಗಾಳಿ ಒಳಗೆ ಹೋಗಬೇಕಾದದ್ದು ಅಲ್ಲಿಂದಲೇ.

ಜಾಲರಿಯಿಂದ ಹಂಡೆಯ ತಳಕ್ಕೆ 20ರಿಂದ 25 ಸೆಂ.ಮೀ. ಇರಲಿ. ಹದಿನೈದಕ್ಕಿಂತ ಕಡಿಮೆಯಾದರೆ ಉರಿ ಪೂರ್ತಿ ಅರಳುವ ಮೊದಲೇ ತಣ್ಣನೆಯ ತಾಮ್ರಕ್ಕೆ ತಾಗಿ ಆರುತ್ತದೆ, ಉರಿಯದೆ ಉಳಿದದ್ದು ಮಸಿಯಾಗಿ ಮೆತ್ತಿಕೊಳ್ಳುತ್ತದೆ. ಮೂವತ್ತು ದಾಟಿದರೆ ಗೂಡು ಕಾಯುತ್ತದೆಯೇ ಹೊರತು ನೀರಲ್ಲ. ಜಾಲರಿಯಿಂದ ಮೇಲಕ್ಕೆ ಗೂಡಿನ ಗೋಡೆ ಆಲಿಕೆಯ ಹಾಗೆ ಅಗಲವಾಗುತ್ತ ಹೋಗಿ ಹಂಡೆಯನ್ನು ತಬ್ಬಿದಂತಿರಬೇಕು. ಹಂಡೆಗೂ ಗೋಡೆಗೂ ನಡುವಿನ ಸಂದು ಎಷ್ಟು? ಒಲೆಯ ಬಾಯಿರುವ ಕಡೆ ಹೆಬ್ಬೆರಳು ಸಲೀಸಾಗಿ ಹೋಗಬೇಕು, ಎರಡು ಸೆಂ.ಮೀ. ದಾಟಿದಷ್ಟು. ಹಿಂದೆ, ಕೊಳವೆಯಿರುವ ಕಡೆ ಕಿರುಬೆರಳು ಮಾತ್ರ. ಎಲ್ಲ ಕಡೆಗೂ ಒಂದೇ ಅಳತೆ ಇಟ್ಟರೆ ಬಿಸಿಗಾಳಿ ಹತ್ತಿರದ ದಾರಿ ಹಿಡಿದು ಹಿಂದಿನಿಂದ ನೇರ ಕೊಳವೆಗೆ ನುಗ್ಗುತ್ತದೆ, ಹಂಡೆಯ ಮುಂಭಾಗ ತಣ್ಣಗೇ ಉಳಿಯುತ್ತದೆ. ಆ ದಾರಿಯನ್ನು ಇರುಕು ಮಾಡಿದಾಗಲೇ ಅದು ಸುತ್ತು ಹಾಕಿಕೊಂಡು ಹೋಗುವುದು. ಸಂದು ಹಂಡೆಯ ಮೂರರಲ್ಲಿ ಎರಡು ಭಾಗದ ಎತ್ತರಕ್ಕೆ ನಿಲ್ಲಲಿ. ಅಲ್ಲಿ ಮಣ್ಣಿನ ಬಳೆ ಮೆತ್ತಿ ಮುಚ್ಚಿ. ನೀರಿನ ಮಟ್ಟ ಈ ಬಳೆಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ನೀರಿಲ್ಲದ ಕಡೆ ಉರಿ ತಾಗಿದರೆ ಬೆಸುಗೆ ಬಿಡುತ್ತದೆ, ಅಲ್ಯೂಮಿನಿಯಂ ಆದರೆ ತಳವೇ ಕುಸಿಯಬಹುದು.

ಒಳಗೂಡಿಗೆ ಸಿಮೆಂಟ್ ಬೇಡ. ಬೆಂಕಿಯ ಕಾವಿಗೆ ಸಿಮೆಂಟ್ ಗಾರೆ ಕಟ್ಟು ಬಿಟ್ಟು ಪುಡಿಯಾಗುತ್ತದೆ. ನಾಜೂಕಾಗಿ ಸಿಮೆಂಟ್ ಮೆತ್ತಿದ ಒಲೆ ಬೇಗನೆ ಬಿರುಕು ಬಿಟ್ಟು, ಆ ಬಿರುಕಿನಿಂದ ಹೊಗೆ ಹಣಕುವುದು ಸಾಮಾನ್ಯ. ಕರಿಕಲ್ಲೂ ಬೇಡ, ಕಾದು ಸಿಡಿಯುತ್ತದೆ. ಚೆನ್ನಾಗಿ ಸುಟ್ಟ ಇಟ್ಟಿಗೆ, ಹುತ್ತದ ಮಣ್ಣು, ಸೋಸಿದ ಮರಳು, ಒಂದಿಷ್ಟು ಭತ್ತದ ಉಮಿ ಸಾಕು. ಮಣ್ಣಿನ ಜಿಗುಟು ಊರಿಂದೂರಿಗೆ ಬೇರೆಯಾದ್ದರಿಂದ ಮರಳಿನ ಪ್ರಮಾಣವನ್ನು ಉಂಡೆ ಮಾಡಿಯೇ ನೋಡಬೇಕು. ಒಣಗಿದ ಉಂಡೆ ಬಿರುಕು ಬಿಟ್ಟರೆ ಮರಳು ಸಾಲದು, ಉಜ್ಜಿದರೆ ಉದುರಿದರೆ ಹೆಚ್ಚಾಗಿದೆ. ಹೊಸ ಗೂಡಿಗೂ ಹಳೆಯ ಕಟ್ಟೆಗೂ ನಡುವೆ ಐದಾರು ಸೆಂ.ಮೀ. ಜಾಗ ಬಿಟ್ಟು ಒಣ ಬೂದಿ ತುಂಬಿ. ಬೂದಿಯಷ್ಟು ಅಗ್ಗವಾಗಿ ಶಾಖ ತಡೆಯುವ ವಸ್ತು ಮನೆಯಲ್ಲಿ ಬೇರೊಂದಿಲ್ಲ. ಕಟ್ಟಿ ಹತ್ತು ದಿನ ನೆರಳಲ್ಲೇ ಆರಲಿ, ಆಮೇಲೆ ಮೂರು ದಿನ ಕಡ್ಡಿಪುಳ್ಳೆಯ ಸಣ್ಣ ಉರಿ. ಮೊದಲ ದಿನವೇ ಜೋರು ಬೆಂಕಿ ಹಾಕಿದರೆ ಒಳಗಿನ ಪಸೆ ಆವಿಯಾಗಿ ಮೆತ್ತನೆಯ ಮಣ್ಣನ್ನು ಕಿತ್ತೆಸೆಯುತ್ತದೆ.

ಸೌದೆ ಹಾಕುವ ಬಾಯಿ 20 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರ. ಅದಕ್ಕೆ 3 ಮಿ.ಮೀ. ಕಬ್ಬಿಣದ ಬಾಗಿಲು. ಎಡವಟ್ಟಾಗುವುದೇ ಇಲ್ಲಿ. ಉದ್ದನೆಯ ಕುಂಟೆಯನ್ನು ಒಲೆಗೆ ತುರುಕಿ, ಉರಿದ ಹಾಗೆ ಮುಂದೆ ದೂಡುತ್ತ ಹೋಗುವುದು ನಮ್ಮ ಕಡೆಯ ರೂಢಿ. ಕುಂಟೆ ಹೊರಗೆ ಚಾಚಿದ್ದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಬಾಗಿಲು ತೆರೆದಿದ್ದರೆ ತಣ್ಣನೆಯ ಗಾಳಿ ಉರಿಯ ಮೇಲಿನಿಂದಲೇ ನುಗ್ಗಿ ಹಂಡೆಯನ್ನು ತಣಿಸುತ್ತ ಕೊಳವೆಗೆ ಹೋಗುತ್ತದೆ. ಇಷ್ಟು ಕಟ್ಟಿಯೂ ಪ್ರಯೋಜನವಿಲ್ಲದಂತಾಗುತ್ತದೆ. ಆದ್ದರಿಂದ ಸೌದೆ 30 ಸೆಂ.ಮೀ. ಉದ್ದ, ಮುಂಗೈ ದಪ್ಪಕ್ಕಿಂತ ಹೆಚ್ಚಿರಬಾರದು. ಸೀಳುವ ಈ ಕೆಲಸ ಮನೆಯ ಹೆಂಗಸರ ಮೇಲೆ ಬಿದ್ದರೆ ಒಲೆ ಉಳಿಯುವುದಿಲ್ಲ, ಖಂಡಿತ. ಬೇಸಿಗೆಯಲ್ಲಿ ಯಂತ್ರದ ಗರಗಸ ಬಂದಾಗಲೇ ವರ್ಷದ ಸೌದೆಯೆಲ್ಲ ಅಳತೆಗೆ ತುಂಡಾಗಿ ಕೊಟ್ಟಿಗೆ ಸೇರಬೇಕು.

ಕೊಳವೆಯ ಒಳವ್ಯಾಸ 10 ಸೆಂ.ಮೀ. ಇರಲಿ, ಜಾಲರಿಯಿಂದ ತುದಿಗೆ ನಾಲ್ಕು ಮೀಟರ್ ಆದರೂ ಎತ್ತರ ಬೇಕು. ಹೊಗೆಯನ್ನು ಎಳೆಯುವುದು ಈ ಎತ್ತರ ಮತ್ತು ಒಳಗಿನ ಬಿಸಿ. ಒಲೆಗೆ ಹತ್ತಿರದ ಮೊದಲ ಎರಡು ಮೀಟರ್ ಕಪ್ಪು ಕಬ್ಬಿಣದ ಕೊಳವೆಯೇ ಆಗಬೇಕು. ಸತುವಿನ ಲೇಪದ ಜಿ.ಐ. ಕೊಳವೆ ಅಲ್ಲಿ ಸಲ್ಲದು, ಹೆಚ್ಚು ಕಾದರೆ ಲೇಪ ಸುಟ್ಟು ಕೆಟ್ಟ ಹೊಗೆ ಬಿಡುತ್ತದೆ. ಹಿಂದೆ ಬಳಸುತ್ತಿದ್ದ ಆಸ್ಬೆಸ್ಟಾಸ್ ಕೊಳವೆ ಕಾವಿಗೆ ಸೀಳುತ್ತದೆ. ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ಕೇಡು. ಪಿ.ವಿ.ಸಿ.ಯ ಯೋಚನೆಯೇ ಬೇಡ. ಒಲೆಯಿಂದ ಹೊರಟಲ್ಲಿ ಮೂರು ಬಾಯಿಯ ಒಂದು ಟೀ ಜೋಡಣೆ ಹಾಕಿ ಅದರ ಕೆಳಬಾಯಿಗೆ ಮುಚ್ಚಳ ಕೊಟ್ಟರೆ ಮಸಿ ತೆಗೆಯಲು ಅನುಕೂಲ. ಬಾಗು ಬೇಕೇ ಆದರೆ 45 ಡಿಗ್ರಿಯದು ಎರಡಕ್ಕೆ ಮೀರದಿರಲಿ.

ಕೊಳವೆಯ ತುಂಡುಗಳನ್ನು ಜೋಡಿಸುವಾಗ ಮೇಲಿನ ತುಂಡಿನ ತುದಿ ಕೆಳಗಿನದರ ಒಳಗೆ ಕೂರಬೇಕು. ಹೊಗೆ ಮೇಲೆ ಹೋಗುವುದರಿಂದ ಇದು ತಿರುಗುಮುರುಗು ಎಂದು ಬಹಳ ಗಾರೆಯವರಿಗೆ ಅನಿಸುತ್ತದೆ. ಆದರೆ ಹೊಗೆ ಮೇಲೆ ಹೋದರೂ ಹೊಗೆಯೊಳಗಿನ ನೀರು ತಣಿದು ಕೆಳಗೆ ಇಳಿಯುತ್ತದೆ. ಜೋಡಣೆ ಉಲ್ಟಾ ಆದ ಮನೆಯಲ್ಲಿ ಮೊದಲ ಮಳೆಗಾಲದಲ್ಲೇ ಸುಣ್ಣದ ಗೋಡೆಯ ಮೇಲೆ ಪ್ರತಿ ಜೋಡಿನ ಕೆಳಗೂ ಕಾಫಿ ಡಿಕಾಕ್ಷನ್ ಬಣ್ಣದ ಗೆರೆ ಇಳಿದಿರುತ್ತದೆ. ಮುಟ್ಟಿದರೆ ಅಂಟು, ಮೂಸಿದರೆ ಡಾಂಬರಿನ ವಾಸನೆ. ಒರೆಸಿದರೆ ಹೋಗದು, ಸುಣ್ಣ ಬಳಿದರೂ ಮತ್ತೆ ಮೇಲೆ ಬರುತ್ತದೆ. ಇದೇ ಅಂಟು ಒಳಗೆ ಗಟ್ಟಿಯಾಗಿ ಕೂತರೆ ಒಂದು ದಿನ ಕೊಳವೆಗೇ ಬೆಂಕಿ ಹತ್ತಬಹುದು.

ಮಾಡಿನ ಮೇಲೆ ಕೊಳವೆಯ ತುದಿ ಹೆಂಚು ಹಾಯುವ ಜಾಗದಿಂದ 90 ಸೆಂ.ಮೀ. ಮೇಲಿರಬೇಕು, ಸುತ್ತ ಮೂರು ಮೀಟರ್ ಒಳಗಿರುವ ಮಾಡಿನ ಯಾವ ಭಾಗಕ್ಕಿಂತಲೂ 60 ಸೆಂ.ಮೀ. ಎತ್ತರವಿರಬೇಕು. ಗಿಡ್ಡ ಕೊಳವೆಯಾದರೆ ಮಾಡಿನ ನೆತ್ತಿ ಹತ್ತಿಳಿಯುವ ಗಾಳಿ ಹೊಗೆಯನ್ನು ಒಳಗೇ ತಳ್ಳುತ್ತದೆ. ಮಾಡಿನ ಮರಗಳಾದ ಪಕಾಸಿ, ರೀಪು, ಅಟ್ಟದ ಹಲಗೆ ಯಾವುದೂ ಕೊಳವೆಗೆ 45 ಸೆಂ.ಮೀ.ಗಿಂತ ಹತ್ತಿರ ಇರಬಾರದು. ಮೇಲಿನ ಟೋಪಿಗೆ ಮೂರು ಕಡೆಯಿಂದ ತಂತಿ ಕಟ್ಟಿ. ಗಾಳಿಗಿಂತ ಮಂಗಗಳ ಕಾಟವೇ ಜಾಸ್ತಿ. ಟೋಪಿ ಹಾರಿಹೋದ ಕೊಳವೆಗೆ ಆಗುಂಬೆಯ ಮಳೆ ಸುರಿದರೆ ಬೆಳಗ್ಗೆ ಒಲೆಯ ತುಂಬ ನೀರು.

ಹೊಗೆ ಹೊರಗೆ ಹೋಯಿತೆಂದರೆ ಮನೆಯಲ್ಲಿ ಹಿರಿಯರು ಕೇಳುವ ಒಂದು ಪ್ರಶ್ನೆಯಿದೆ: ಇನ್ನು ಅಟ್ಟ ಬೆಚ್ಚಗಿರುವುದು ಹೇಗೆ? ಇದು ಸರಿಯಾದ ಪ್ರಶ್ನೆ. ಮಳೆಗಾಲದ ಮಲೆನಾಡಿನಲ್ಲಿ ಬಚ್ಚಲೊಲೆ ಬರೀ ನೀರು ಕಾಯಿಸುವುದಲ್ಲ. ಬಟ್ಟೆ ಒಣಗುವುದು ಅದರ ಮೇಲೆ, ಕೊಬ್ಬರಿ, ಬೀಜದ ಸೌತೆ, ಮರುದಿನದ ಸೌದೆ ಬೆಚ್ಚಗಿರುವುದು ಅದರ ಅಟ್ಟದಲ್ಲಿ, ಚಳಿ ಕಾಯಿಸುತ್ತ ಕೂರುವುದೂ ಅದರ ಮುಂದೆ. ಇದಕ್ಕೆ ಉತ್ತರ ಕೊಡದೆ ಕಟ್ಟಿದ ಒಲೆಗಳನ್ನು ಜನ ಬಿಟ್ಟಿದ್ದಾರೆ. ಕೊಳವೆಯನ್ನು ಗೋಡೆ ತೂತು ಮಾಡಿ ಹೊರಗೆ ಒಯ್ಯಬೇಡಿ. ಒಳಗಿನಿಂದಲೇ, ಅಟ್ಟದ ನಡುವೆ ನೇರ ಮೇಲಕ್ಕೆ ಹೋಗಲಿ. ಕಾದ ಕೊಳವೆ ಅಟ್ಟಕ್ಕೆ ಶಾಖ ಕೊಡುತ್ತದೆ, ಹೊಗೆ ಕೊಡುವುದಿಲ್ಲ. ಅಷ್ಟೇ ದೂರಕ್ಕೆ, 45 ಸೆಂ.ಮೀ. ಆಚೆ ಸುತ್ತಲೂ ಸರಳು ಕಟ್ಟಿದರೆ ಬಟ್ಟೆ ಹೊಗೆನಾತವಿಲ್ಲದೆ ಒಣಗುತ್ತದೆ. ಕೊಳವೆ ಒಳಗಿದ್ದರೆ ತಣಿಯುವುದೂ ಕಡಿಮೆ, ಅಂಟುಮಸಿಯೂ ಕಡಿಮೆ. ಒಂದು ನಷ್ಟವಿದೆ, ಮುಚ್ಚಿಡಬಾರದು: ಹೊಗೆ ತಿಂದ ಮಾಡಿಗೆ ಮರ ಕೊರೆಯುವ ಕುಟ್ಟೆಹುಳು ಹಿಡಿಯುತ್ತಿರಲಿಲ್ಲ, ಇನ್ನು ಹಿಡಿಯಬಹುದು. ಪಕಾಸಿಗಳಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿದುಕೊಳ್ಳಬೇಕಾಗುತ್ತದೆ. ಎಣ್ಣೆ ಪೂರ್ತಿ ಆರುವವರೆಗೆ ಒಲೆ ಹೊತ್ತಿಸಬಾರದು.

ಒಲೆ ಎಷ್ಟು ಚೆನ್ನಾಗಿದ್ದರೂ ಹಸಿ ಸೌದೆಗೆ ಸೋಲುತ್ತದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರಬಹುದು. ಅಂಥ ಒಂದು ಕೆ.ಜಿ. ಉರಿಸಿದರೆ ಮೊದಲು ಅರ್ಧ ಲೀಟರ್ ನೀರನ್ನು ಆವಿ ಮಾಡಬೇಕು. ಉಳಿಯುವ ಶಾಖ ಎಂಟು ಮೆಗಾಜೂಲ್, ಒಣಸೌದೆಯ ಅರ್ಧಕ್ಕಿಂತ ತುಸು ಹೆಚ್ಚು. ಅದರ ಮೇಲೆ ಆ ಆವಿಯೇ ಕೊಳವೆಯಲ್ಲಿ ತಣಿದು ಅಂಟಾಗುತ್ತದೆ. ಸೀಳಿದ ಸೌದೆ ಶಿವರಾತ್ರಿಯ ಹೊತ್ತಿಗೆ ಬಿಸಿಲಿಗೆ ಬಿದ್ದರೆ ಮೇ ಕೊನೆಗೆ ಹದವಾಗುತ್ತದೆ. ಸೀಳದ ಕುಂಟೆಯಾದರೆ ಸಿಪ್ಪೆಯೊಳಗೆ ಪಸೆ ಹಿಡಿದಿಟ್ಟುಕೊಂಡೇ ಜೂನ್ ನೋಡುತ್ತದೆ. ನೆಲಕ್ಕೆ ತಾಗದಂತೆ ಎರಡು ಅಡಿಕೆ ದಬ್ಬೆಯ ಮೇಲೆ ಒಟ್ಟಬೇಕು, ಮೇಲೆ ಮಾತ್ರ ಮುಚ್ಚಿ ಪಕ್ಕ ಬಿಡಬೇಕು. ನಾಲ್ಕೂ ಕಡೆ ಟಾರ್ಪಾಲು ಸುತ್ತಿದ ಒಟ್ಟಿಲಿನೊಳಗೆ ಅಣಬೆ ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಎರಡೂವರೆ ಕೆ.ಜಿ.ಯಂತೆ 300 ಕೆ.ಜಿ. ಒಣಸೌದೆ ಬೇಕು. ಹಸಿಯಾಗಿ ಕಡಿಯುವಾಗ ಅದು 480 ಕೆ.ಜಿ.ಯಷ್ಟು.

ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ನಡುವಿನಿಂದ ಒಂದು ತುಂಡು ತೆಗೆದು ಅಂಗಡಿ ತಕ್ಕಡಿಯಲ್ಲಿ ತೂಗಿ, ಒಲೆಯ ಅಟ್ಟದಲ್ಲಿ ಒಂದು ವಾರ ಇಟ್ಟು ಮತ್ತೆ ತೂಗಿ. 500 ಗ್ರಾಂ ಇದ್ದದ್ದು 400ಕ್ಕೆ ಇಳಿದರೆ ಆ ಒಟ್ಟಿಲು ಇನ್ನೂ ಹಸಿ. 460ಕ್ಕೆ ನಿಂತರೆ ಉರಿಸಬಹುದು. ಅಕೇಶಿಯಾ, ಮತ್ತಿ, ಸಿಲ್ವರ್ ಓಕ್, ಸವರಿದ ಕಾಫಿ ರೆಂಬೆ ಎಲ್ಲವೂ ಆಗುತ್ತದೆ. ಅಡಿಕೆ ಸಿಪ್ಪೆಯನ್ನು ಸೌದೆಯ ಜೊತೆ ಒಂದೆರಡು ಹಿಡಿ ಹಾಕಬಹುದು, ಅದನ್ನೇ ತುಂಬಿದರೆ ಜಾಲರಿ ಕಟ್ಟುತ್ತದೆ. ಚೇರಿನ ಮರ ಒಲೆಗೆ ಬರಲೇಬಾರದು, ಅದರ ಹೊಗೆಗೆ ಮೈಯೆಲ್ಲ ದದ್ದು ಏಳುತ್ತದೆ. ಬಣ್ಣದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಕವರುಗಳೂ ಅಷ್ಟೇ. ಮಕ್ಕಳು ಮೀಯುವ ಜಾಗ ಅದು.

ಇಷ್ಟು ಹೊತ್ತು ಸೌದೆಯ ಉಳಿತಾಯ ಹೇಳಿದೆವು. ಅದಕ್ಕಿಂತ ದೊಡ್ಡದು ಜೀವ. ಹಳೆಯ ಬಚ್ಚಲುಮನೆಯ ಹೆಂಚಿನ ಸಂದು, ಗೋಡೆಗೂ ಮಾಡಿಗೂ ನಡುವಿನ ತೆರಪು ಹೊಗೆಯನ್ನು ಹೊರಗೆ ಬಿಡುತ್ತಿದ್ದವು. ಈಗ ತಾರಸಿ ಹಾಕಿ, ಗಾಜಿನ ಕಿಟಕಿ ಇಟ್ಟು, ಅಗಳಿ ಹಾಕಿಕೊಳ್ಳುವ ಬಾಗಿಲು ಕೂರಿಸಿ, ಒಲೆಯನ್ನು ಮಾತ್ರ ಹಳೆಯ ಹಾಗೆಯೇ ಕಟ್ಟುತ್ತಿದ್ದಾರೆ. ಅಂಥ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿದರೆ ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಕೈಕಾಲು ಏಳದು. ಹೊಗೆಯಾಡುವ ಒಲೆಗಿಂತ ಹೊಗೆ ನಿಂತ ಕೆಂಡ ಹೆಚ್ಚು ಅಪಾಯ, ಕಣ್ಣುರಿ ಕೊಟ್ಟು ಎಚ್ಚರಿಸುವ ಹೊಗೆಯೂ ಅಲ್ಲಿಲ್ಲ. ಕೆಂಡವನ್ನು ಬಾಣಲೆಗೆ ತೋಡಿಕೊಂಡು ಬಾಣಂತಿ ಕೋಣೆಗೆ ಒಯ್ದು ಬಾಗಿಲು ಮುಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಕೊಳವೆಗೆ ಎಳೆತ ತಗ್ಗಿಸುವ ಅಡ್ಡತಗಡು ಹಾಕಿಸಿದ್ದರೆ ಅದರಲ್ಲಿ ಎರಡೂವರೆ ಸೆಂ.ಮೀ. ತೂತು ಕೊರೆಸಿ, ಕೆಂಡವಿರುವಾಗ ಯಾರಾದರೂ ಪೂರ್ತಿ ಮುಚ್ಚಿದರೂ ವಿಷಗಾಳಿಗೆ ದಾರಿಯಿರುತ್ತದೆ. ಒಲೆಯ ಬಾಯಿ ಸಾಧ್ಯವಾದಷ್ಟೂ ಬಚ್ಚಲಿನ ಹೊರಗೆ, ಜಗಲಿಯ ಕಡೆಗೆ ಇರಲಿ. ಬಾಗಿಲ ಕೆಳಗೆ ಮೂರು ಬೆರಳು ಸಂದು, ಮೇಲೆ ಮುಚ್ಚಲಾಗದ ಜಾಲಂಧ್ರ, ಇವೆರಡು ಇರಲೇಬೇಕು.

ಅಂಗಡಿಯಲ್ಲಿ ಸಿಗುವ ಉಕ್ಕಿನ ಸೌದೆ ಬಾಯ್ಲರ್ ತಂದವರಿಗೆ ಇನ್ನೊಂದು ಮಾತು. ಮೇಲಿನ ಟ್ಯಾಂಕಿನಿಂದ ನೇರ ನೀರು ಬರುವ ಬಾಯ್ಲರ್‌ಗೆ ಆವಿ ಹೋಗುವ ಕೊಳವೆ ಟ್ಯಾಂಕಿಗಿಂತ ಎತ್ತರಕ್ಕೆ, ತೆರೆದ ಬಾಯಿಯಲ್ಲಿ ಇರಲೇಬೇಕು. ನೀರು ಚಿಮ್ಮುತ್ತದೆಂದು ಅದಕ್ಕೆ ಬಿರಡೆ ಹಾಕುವುದು, ನಡುವೆ ವಾಲ್ವ್ ಕೂರಿಸುವುದು ಎರಡೂ ಬಾಂಬ್ ಕಟ್ಟಿದಂತೆ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರ್‌ಗೂ ಹೆಚ್ಚು ಜಾಗ ಕೇಳುತ್ತದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಜಿಲ್ಲೆಗಳಲ್ಲಿ ಕಟ್ಟಡ ಕೆಲಸದ ನಿರ್ಮಿತಿ ಕೇಂದ್ರಗಳಿವೆ. ಮಲೆನಾಡು, ಕರಾವಳಿ, ಕೊಡಗಿನ ಕೇಂದ್ರಗಳು ಗಾರೆಯವರಿಗೆ ಕೊಡುವ ತರಬೇತಿಯಲ್ಲಿ ಬಚ್ಚಲೊಲೆಯನ್ನು ಸೇರಿಸಲಿ. ಮಳೆಗಾಲಕ್ಕೆ ಮೊದಲು ಪಂಚಾಯಿತಿಗೆ ಇಬ್ಬರಂತೆ ಕಲಿತರೂ ಸಾಕು, ಅವರು ಕಟ್ಟಿದ ಒಲೆಯನ್ನು ನೋಡಿ ಉಳಿದವರು ಕಲಿಯುತ್ತಾರೆ. ಸರ್ಕಾರದ ನೆರವಿನಲ್ಲಿ ಕಟ್ಟುವ ಮನೆಗಳ ನಕ್ಷೆಯಲ್ಲಿ ಬಚ್ಚಲುಮನೆಗೆ ಕೊಳವೆಯ ಜಾಗವನ್ನು ಮೊದಲೇ ಗುರುತಿಸಲಿ, ತಾರಸಿ ಹಾಕಿದ ಮೇಲೆ ಅದನ್ನು ಒಡೆಯುವುದು ಕಷ್ಟ. ಕೊಳವೆ ಗುಡಿಸಲು ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಬೇಕು. ಉದ್ದನೆಯ ಬಿದಿರು ಗಳುವಿನ ತುದಿಗೆ ತೆಂಗಿನ ನಾರಿನ ಉಂಡೆ ಕಟ್ಟಿ ಮೇಲಿನಿಂದ ಎರಡು ಸಲ ಆಡಿಸಿ ಟೀ ಮುಚ್ಚಳ ತೆಗೆದರೆ ಮಸಿಯೆಲ್ಲ ಕೆಳಗೆ ಬಂದಿರುತ್ತದೆ. ಮಳೆಗಾಲದ ನಡುವೆ ಮಾಡು ಹತ್ತಲಾಗದು, ಮೇ ತಿಂಗಳ ಸರದಿಯನ್ನು ತಪ್ಪಿಸಬೇಡಿ.

ಇತಿ,
ಒಲೆ ಕಟ್ಟುವ ಕೆಲಸದವರು,
ಶಿವಮೊಗ್ಗ ಜಿಲ್ಲೆ